ಬಂತಾ ಅಕ್ಕಾ?

ಅವರ ಬಲಗೈ ತುಂಬ ಕೂದಲು, ಎಡಗೈ ಬೋಳು. ಕೆಲಸ ಶುರು ಮಾಡುವ ಮುಂಚೆ ಕಪ್ಪು ಟೇಪನ್ನು ಗೇಣುದ್ದ ಗೇಣುದ್ದ ಹರಿದು, ಎಡಗೈಯ ಮಣಿಕಟ್ಟಿನಿಂದ ಮೊಣಕೈವರೆಗೆ ಸಾಲಾಗಿ ಅಂಟಿಸಿಕೊಳ್ಳುತ್ತಿದ್ದರು. ಆಮೇಲೆ ವೈರು ಎಲ್ಲೆಲ್ಲಿ ನೆಲ ಬಿಟ್ಟು ಮೇಲೇಳುತ್ತದೋ ಅಲ್ಲೆಲ್ಲ ಒಂದೊಂದು ತುಂಡು ಕಿತ್ತು ಹಾಕುವರು. ಪ್ರತಿ ತುಂಡಿನ ಜೊತೆ ನಾಲ್ಕು ಕೂದಲೂ ಹೋಗುತ್ತಿದ್ದವು. "ನೋಯಲ್ವಾ ಅಣ್ಣಾ?" ಎಂದು ಒಮ್ಮೆ ಕೇಳಿದ್ದೆ. "ಮೊದ್ ಮೊದ್ಲು ನೋಯ್ತಿತ್ತು ಅಕ್ಕಾ. ಈಗ ಕೀಳೋಕೆ ಏನೂ ಉಳಿದಿಲ್ವಲ್ಲ" ಅಂದಿದ್ದರು.

ಅವರು ವಿಡಿಯೋದವರು, ಗುಬ್ಬಿಯವರು. ಮದುವೆ, ಗೃಹಪ್ರವೇಶ, ಗುಡಿಯ ಪೂಜೆ, ಇವನ್ನೆಲ್ಲ ಲೈವ್ ಮಾಡುವುದು ಅವರ ಕೆಲಸ. ಮೂರು ಕ್ಯಾಮೆರಾಗಳನ್ನು ಮೂರು ಕಡೆ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಮೂರರ ವೈರನ್ನೂ ಒಂದು ಪೆಟ್ಟಿಗೆಗೆ ತರುತ್ತಿದ್ದರು. ಆ ಪೆಟ್ಟಿಗೆಗೆ ಸ್ವಿಚರ್ ಎಂದು ಹೆಸರು. ಅದರ ಮೇಲೆ ಯಾವ ಗುಂಡಿ ಒತ್ತಿದರೆ ಆ ಕ್ಯಾಮೆರಾದ ಚಿತ್ರ ಮನೆಮನೆಯ ಟಿವಿಗೆ ಹೋಗುತ್ತದೆ. ಅವರು ಯಾವಾಗಲೂ ಒಬ್ಬರೇ. ಯಾವುದಾದರೂ ಕಂಬದ ಹಿಂದೆಯೋ ಪಾತ್ರೆ ಜೋಡಿಸಿಟ್ಟ ಮೂಲೆಯಲ್ಲೋ ಪೆಟ್ಟಿಗೆ ಇಟ್ಟುಕೊಂಡು ಕೂರುತ್ತಿದ್ದರು. "ಎಷ್ಟ್ ಮದ್ವೆ ಮಾಡ್ಸಿದೀನೋ ಅಕ್ಕಾ. ಎಲ್ಲಾ ಮದ್ವೇನೂ ಅಲ್ಲೇ ಕೂತ್ಕಂಡು ಟಿವೀಲೇ ನೋಡಿರೋದು" ಎನ್ನುವರು.

ನಾನು ಅವರನ್ನು ಕಂಡದ್ದು ಬೆರಳೆಣಿಕೆಯಷ್ಟು ಸಲ. ಮಾತಾಡಿದ್ದು ಮಾತ್ರ ಪ್ರತಿ ಸೋಮವಾರ, ಸುಮಾರು ಮೂರು ವರ್ಷ.

ನಮ್ಮ ಮನೆ ತುಮಕೂರಿನ ಮರಳೂರಿನಲ್ಲಿ. ನಮ್ಮ ಮನೆಯವರು ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದರು. ಒಂದು ಬೆಳಿಗ್ಗೆ ಹಲ್ಲುಜ್ಜುತ್ತಾ ನಿಂತವರು ಹಾಗೇ ಕುಸಿದರು. ಬಲಗಡೆ ಪೂರ್ತಿ ಸ್ವಾಧೀನ ತಪ್ಪಿತು. ಜೀವ ಉಳಿಯಿತು, ಈಶ್ವರ ಅಷ್ಟು ಮಾಡಿದ. ಮಾತಿನಲ್ಲಿ ಒಂದೇ ಪದ ಉಳಿಯಿತು, "ಸರಿ". ಹಸಿವಾ ಅಂದರೆ ಸರಿ, ನೋವಾ ಅಂದರೆ ಸರಿ. ಮೂತ್ರಕ್ಕೆ ಪೈಪು ಹಾಕಿದರು. ಮಕ್ಕಳಿಲ್ಲದ ಮನೆ. ಅಂದಿನಿಂದ ನಾನು ಹೊಸಿಲು ದಾಟಿ ಹೋಗುವುದೆಂದರೆ ಹಾಲು ತರಲು, ಮಾತ್ರೆ ತರಲು ಅಷ್ಟೆ. ಪಕ್ಕದ ಬೀದಿಯಲ್ಲೇ ಈಶ್ವರನ ಗುಡಿ. ಸೋಮವಾರದ ಅಭಿಷೇಕಕ್ಕೆ ಒಂದು ವಾರವೂ ತಪ್ಪದೆ ಹೋಗುತ್ತಿದ್ದವಳಿಗೆ ಗಂಟೆಯ ಸದ್ದೊಂದೇ ಗತಿಯಾಯಿತು.

ಹೀಗಿರುವಾಗ ಗುಡಿಯವರು ಅಭಿಷೇಕವನ್ನು ಲೈವ್ ಮಾಡಿಸಲು ಶುರು ಮಾಡಿದರು. ಮೊದಲನೆಯ ಸೋಮವಾರ ಒಬ್ಬ ಅಪರಿಚಿತರು ಚಪ್ಪಲಿ ಗೇಟಿನ ಹೊರಗೇ ಬಿಟ್ಟು ಒಳಗೆ ಬಂದು ಜಗುಲಿಯ ಮೇಲೆ ನಿಂತರು. ಎಡಗೈ ತುಂಬ ಕಪ್ಪು ಪಟ್ಟೆಗಳು.

"ಅಕ್ಕಾ, ಅರ್ಚಕರು ಕಳ್ಸಿದ್ರು. ನಿಮ್ಮನೆ ಟಿವೀಲಿ ನಮ್ ಲೈವ್ ಬರುತ್ತಾ ಅಂತ ಒಂಚೂರು ನೋಡ್ತೀರಾ?"

"ನಿಮ್ಮ ಹತ್ರಾನೇ ಟಿವಿ ಇರುತ್ತಲ್ಲ?" ಅಂದೆ.

"ನನ್ ಪೆಟ್ಗೇಲಿ ಚೆನ್ನಾಗೇ ಕಾಣುತ್ತೆ. ಪೆಟ್ಗೆಯಿಂದ ಆಚೆ ಹೋದ್ಮೇಲೆ ಏನಾಯ್ತು ಅಂತ ನಂಗೆ ಗೊತ್ತಾಗಲ್ಲ. ಮನೇಲಿ ಕೂತು ನೋಡೋರೇ ಹೇಳ್ಬೇಕು."

ಅವತ್ತಿನಿಂದ ಅದು ನನ್ನ ಕೆಲಸವಾಯಿತು. ಅಭಿಷೇಕಕ್ಕೆ ಕಾಲು ಗಂಟೆ ಮುಂಚೆ ಫೋನು ಬರುವುದು. ಹಲೋ ಇಲ್ಲ, ಹೇಗಿದೀರಿ ಇಲ್ಲ. "ಬಂತಾ ಅಕ್ಕಾ?" ಅಷ್ಟೆ. ನಾನು ಟಿವಿ ನೋಡಿ, "ಬಂತು" ಅನ್ನುವೆ. ಒಂದನೇ ಕ್ಯಾಮೆರಾ ಬಂತಾ, ಬಂತು. ಎರಡು ಬಂತಾ, ಬಂತು. ಒಂದೊಂದು ದಿನ ಮೂರನೆಯದು ಬರುತ್ತಿರಲಿಲ್ಲ. ಆಗ ಫೋನು ಕಿವಿಗೇ ಇಟ್ಟುಕೊಂಡು ಅವರು ಹುಡುಕುವುದನ್ನು ಕೇಳುತ್ತಾ ಕೂರುತ್ತಿದ್ದೆ.

ಅವರು ಹುಡುಕುವುದಕ್ಕೆ ಒಂದು ಕ್ರಮವಿತ್ತು. ಮೊದಲು ಕೈಗೆ ಹತ್ತಿರ ಇರುವ ಪೆಟ್ಟಿಗೆಯ ಕಡೆಯ ಪಿನ್ನು. ಆಮೇಲೆ ವೈರು. ಕೊನೆಗೆ ಕ್ಯಾಮೆರಾದ ಕಡೆಯ ಪಿನ್ನು. ಎರಡನ್ನು ಒಟ್ಟಿಗೆ ಮುಟ್ಟಿದ್ದನ್ನು ನಾನು ಕೇಳಿಯೇ ಇಲ್ಲ. "ಒಂದ್ಸಲಕ್ಕೆ ಒಂದೇ ಬದ್ಲಾಯ್ಸ್ಬೇಕು ಅಕ್ಕಾ. ಗಾಬ್ರಿಲಿ ನಾಕೂ ಬದ್ಲಾಯ್ಸಿದ್ರೆ ಸರಿಹೋದ್ರೂ ಯಾವ್ದರಿಂದ ಸರಿಹೋಯ್ತು ಅಂತ ಗೊತ್ತಾಗಲ್ಲ. ಮುಂದಿನ್ ವಾರ ಮತ್ತೆ ಅದೇ ಗೋಳು." ಒಂದು ಬದಲಿಸಿ "ಈಗ ಬಂತಾ?" ಎನ್ನುವರು. ಇನ್ನೊಂದು ಬದಲಿಸಿ "ಈಗ?" ಎನ್ನುವರು. ಪೆಟ್ಟಿಗೆಯಿಂದ ಹೊರಟ ಚಿತ್ರ ನನ್ನ ಟಿವಿಗೆ ಬರಲು ಅರ್ಧ ನಿಮಿಷ ಬೇಕು. ಆ ಅರ್ಧ ನಿಮಿಷ ಇಬ್ಬರೂ ಸುಮ್ಮನೆ ಕಾಯುವೆವು. ಗುಡಿಯ ಗಂಟೆ ಮೊದಲು ಕಿಟಕಿಯಿಂದ ಕೇಳುವುದು, ಆಮೇಲೆ ಟಿವಿಯಿಂದ. "ನಿಮ್ಮನೇಗೆ ಈಶ್ವರ ಸ್ವಲ್ಪ ಲೇಟಾಗಿ ಬರ್ತಾನೆ, ಬೇಜಾರ್ ಮಾಡ್ಕಬೇಡಿ" ಎಂದು ನಗುತ್ತಿದ್ದರು. ಬರುತ್ತಾನಲ್ಲ, ಅಷ್ಟು ಸಾಕು ಅಂದುಕೊಳ್ಳುತ್ತಿದ್ದೆ.

ಅವರು ನನ್ನನ್ನು ಅಕ್ಕ ಅನ್ನುತ್ತಿದ್ದರು, ನಾನು ಅವರನ್ನು ಅಣ್ಣ ಅನ್ನುತ್ತಿದ್ದೆ. ಇಬ್ಬರಲ್ಲಿ ಯಾರು ದೊಡ್ಡವರೆಂದು ಕೊನೆಗೂ ಕೇಳಿಕೊಳ್ಳಲಿಲ್ಲ.

ಎರಡನೆಯ ಸಲ ಮನೆಗೆ ಬಂದಾಗ ಕಾಫಿ ಕೊಟ್ಟೆ. ಲೋಟ ಹಿಡಿದುಕೊಂಡು ಮಂಚದ ಹತ್ತಿರ ಹೋಗಿ ನಮ್ಮ ಮನೆಯವರಿಗೆ ನಮಸ್ಕಾರ ಹೇಳಿದರು. "ಸರಿ" ಅಂದರು ಇವರು. ಅಷ್ಟರಲ್ಲಿ ಅವರ ಕಣ್ಣು ಪೈಪಿನ ಮೇಲೆ ಬಿತ್ತು. ಚೀಲ ತುಂಬಿ ಮಂಚದ ಪಕ್ಕ ಜೋತಾಡುತ್ತಿತ್ತು. ಹೊರಳಿಸುವಾಗೆಲ್ಲ ಪೈಪು ಜಗ್ಗಿ ಇವರು ಮುಖ ಹಿಂಡುತ್ತಿದ್ದರು. ತಿಂಗಳಿಗೊಮ್ಮೆ ಪೈಪು ಬದಲಿಸಲು ಕ್ಯಾತ್ಸಂದ್ರದಿಂದ ಬರುತ್ತಿದ್ದ ನರ್ಸಮ್ಮ ಹುಷಾರು ಹುಷಾರು ಅಂದು ಹೋಗುತ್ತಿದ್ದಳೇ ಹೊರತು ಹೇಗೆ ಹುಷಾರು ಅಂತ ಹೇಳಿರಲಿಲ್ಲ.

"ಅಕ್ಕಾ, ಒಂದು ಬಟ್ಟೆ ತುಂಡು ಕೊಡ್ತೀರಾ?"

ನಾನು ರವಿಕೆ ಹೊಲಿಯುತ್ತೇನೆ, ತುಂಡುಗಳಿಗೆ ಬರವಿಲ್ಲ. ಒಂದು ಪಟ್ಟಿ ಕೊಟ್ಟೆ. ಅವರು ಕುಕ್ಕರಗಾಲಲ್ಲಿ ಕೂತು, ಮೈಯ ಕಡೆ ಪೈಪನ್ನು ಸಡಿಲ ಬಿಟ್ಟು, ಪಟ್ಟಿಯನ್ನು ಪೈಪಿಗೆ ಒಂದು ಸುತ್ತು, ಮಂಚದ ಕಾಲಿಗೆ ಒಂದು ಸುತ್ತು ಹಾಕಿ ಗಂಟು ಬಿಗಿದರು. ನಡುವೆ ಬೆರಳು ತೂರಿಸಿ ನೋಡಿದರು.

"ಭಾರ ಪಿನ್ನಿನ್ ಮೇಲೆ ಬೀಳ್ಬಾರ್ದು ಅಕ್ಕಾ. ವೈರಿನ್ ಭಾರ ಬೇರೆ ಎಲ್ಲಾದ್ರೂ ಹಿಡ್ಕಬೇಕು. ಹಂಗಂತ ಬಿಗಿಯಾಗೂ ಕಟ್ಬಾರ್ದು, ಒಂದ್ ಬೆರಳು ಆಡ್ಬೇಕು." ಆಮೇಲೆ ತಾವೇ ನಾಚಿಕೊಂಡು, "ತಪ್ ತಿಳ್ಕಬೇಡಿ. ನಂಗ್ ಗೊತ್ತಿರೋದು ಇಷ್ಟೇ" ಅಂದರು.

ಆ ದಿನ ಹೊರಳಿಸುವಾಗ ಇವರು ಮುಖ ಹಿಂಡಲಿಲ್ಲ.

ಆ ಉಪಕಾರಕ್ಕೆ ನನ್ನಿಂದ ಆದದ್ದು ಒಂದೇ. ಟೇಪಿನ ಬದಲು ಕ್ಯಾಮೆರಾ ಸ್ಟ್ಯಾಂಡಿನ ಕಾಲಿಗೆ ವೈರು ಕಟ್ಟಲು ಬಟ್ಟೆಯ ಪಟ್ಟಿಗಳನ್ನು ಅಂಚು ಹೊಲಿದು ಕೊಟ್ಟೆ. ಮೂರು ಕ್ಯಾಮೆರಾಕ್ಕೆ ಮೂರು ಬಣ್ಣ: ಕೆಂಪು, ಹಸಿರು, ಹಳದಿ. ಯಾವ ವೈರು ಯಾವುದರದ್ದೆಂದು ದೂರದಿಂದಲೇ ತಿಳಿಯಲಿ ಎಂದು. ಹಳದಿ ಬಟ್ಟೆ ಸಿಗದೆ ಬಿಳಿಯ ತುಂಡನ್ನೇ ಅರಿಶಿನದ ನೀರಲ್ಲಿ ಅದ್ದಿ ಒಣಗಿಸಿದೆ. ಶುಭಕಾರ್ಯಕ್ಕೆ ಹೋಗುವ ವಸ್ತು, ಒಳ್ಳೆಯದೇ ಆಗಲಿ ಎಂಬುದೂ ಮನಸ್ಸಿನಲ್ಲಿತ್ತು. ಅವರಿಗೆ ಹಿಡಿಸಿತು. "ಕುಂಕುಮದ್ ಕ್ಯಾಮೆರಾ ಬಂತಾ ಅಕ್ಕಾ? ಅರಿಶಿನದ್ದು?" ಎಂದು ಕೇಳತೊಡಗಿದರು. ಕೆಲವು ತಿಂಗಳ ಮೇಲೆ ಬಂದಾಗ ನೋಡಿದರೆ ಎಡಗೈಯಲ್ಲಿ ಸಣ್ಣಗೆ ಕೂದಲು ಮೂಡಿತ್ತು. ಅದನ್ನು ಕಂಡು ನನಗಾದ ಸಂತೋಷ ಹೇಳಿದರೆ ಯಾರಾದರೂ ನಕ್ಕಾರು.

ಒಂದು ಸಲ ಫೋನಿನಲ್ಲಿ ಅರ್ಧ ನಿಮಿಷ ಕಾಯುವಾಗ ಕೇಳಿದೆ, "ನಿಮ್ಮ ಮನೇಲಿ ಟಿವಿ ಇಲ್ವಾ ಅಣ್ಣಾ? ಅವರನ್ನೇ ಕೇಳಬಹುದಲ್ಲ."

"ಟಿವಿ ಐತೆ ಅಕ್ಕಾ. ನೋಡಿ ಹೇಳೋರಿಲ್ಲ." ವೈರು ಸುತ್ತುವ ಸದ್ದಿನ ನಡುವೆ, "ಮೊದ್ಲು ನಮ್ಮನೆಯೋಳೇ ಹೇಳೋಳು. ಹೋಗಿ ಆರು ವರ್ಷ ಆಯ್ತು. ಈಗ ಬಂತಾ?" ಅಂದರು.

"ಬಂತು" ಅಂದೆ. ಚಿತ್ರ ಇನ್ನೂ ಬಂದಿರಲಿಲ್ಲ. ಅವರಿಗೆ ಹೇಳಿದ ಸುಳ್ಳು ಅದೊಂದೇ.

ಈಗ ಕುಣಿಗಲ್ಲಿನ ಮದುವೆಯ ವಿಷಯ ಹೇಳಬೇಕು.

ನನ್ನ ತಂಗಿ ಇರುವುದು ಕುಣಿಗಲ್ಲಿನಲ್ಲಿ. ಅವಳ ಮಗಳು ಕಾಲೇಜಿಗೆಂದು ಐದು ವರ್ಷ ನಮ್ಮ ಮನೆಯಲ್ಲೇ ಇದ್ದಳು. ಅವಳಿಗೆ ಸ್ಕೂಟರ್ ಕಲಿಸಿದ್ದು, ಪರೀಕ್ಷೆಗೆ ಬಿಟ್ಟು ಬಂದದ್ದು, ಜ್ವರ ಬಂದರೆ ತಲೆಯ ಹತ್ತಿರ ಕೂತದ್ದು ಎಲ್ಲ ನಮ್ಮ ಮನೆಯವರೇ. ಅವಳಿಗೆ ಮದುವೆ ನಿಶ್ಚಯವಾಯಿತು. ಇವರನ್ನು ಅಷ್ಟು ದೂರ ಕರೆದೊಯ್ಯುವುದು ಬೇಡವೆಂದರು ಡಾಕ್ಟರು. "ಒಂದಿನಕ್ಕೆ ಯಾರನ್ನಾದ್ರೂ ಬಿಟ್ಟು ಬಾರೇ ಅಕ್ಕಾ" ಎಂದು ತಂಗಿ ಅತ್ತಳು. ಇವರು ಬೇರೆಯವರ ಕೈಯಲ್ಲಿ ತುತ್ತು ತೆಗೆದುಕೊಳ್ಳುವುದಿಲ್ಲ. ಇವರನ್ನು ಬಿಟ್ಟು ಆ ಮಗುವಿನ ಮದುವೆ ನಾನೊಬ್ಬಳೇ ನೋಡುವುದೂ ನನಗೆ ಬೇಕಿರಲಿಲ್ಲ. ಕೊನೆಗೆ ನಮ್ಮ ವಿಡಿಯೋದವರೇ ಅಲ್ಲಿ ಲೈವ್ ಮಾಡುವುದೆಂದು ತೀರ್ಮಾನವಾಯಿತು.

ಹಿಂದಿನ ದಿನ ಫೋನು ಮಾಡಿ ಹೇಳಿದರು: "ಅಕ್ಕಾ, ಒಂದ್ ಮಾತು. ಗುಡಿ ಥರ ಅಲ್ಲ, ಆ ಛತ್ರದಲ್ಲಿ ನೆಟ್ ಇಲ್ಲ. ಲೈವ್ ಹೋಗೋದು ನನ್ ಫೋನ್ ನೆಟ್ಟಲ್ಲೇ. ಈ ಫೋನಿಗೆ ಯಾರಾದ್ರೂ ಕರೆ ಮಾಡಿದ್ರೆ ನೆಟ್ ನಿಂತು ಎಲ್ರಿಗೂ ಲೈವ್ ಹೊಂಟೋಗುತ್ತೆ. ಏನೇ ಆದ್ರೂ ಫೋನ್ ಮಾಡ್ಬೇಡಿ. ಪೆಟ್ಗೇಲಿ ರೆಕಾರ್ಡ್ ಬೇರೆ ಆಗ್ತಿರುತ್ತೆ. ಅದಕ್ ನೆಟ್ ಬ್ಯಾಡ, ಅದನ್ನ ತಂದ್ಕೊಡ್ತೀನಿ."

ಆ ಬೆಳಿಗ್ಗೆ ಇವರಿಗೆ ಮೈ ಒರೆಸಿ, ಬಿಳಿ ಅಂಗಿ ಹಾಕಿ, ವಿಭೂತಿ ಇಟ್ಟು, ದಿಂಬಿಗೆ ಒರಗಿಸಿ ಕೂರಿಸಿದೆ. ನಾನು ರೇಷ್ಮೆ ಸೀರೆಯನ್ನೇ ಉಟ್ಟೆ. ಒಂದು ತಟ್ಟೆಯಲ್ಲಿ ಅಕ್ಷತೆ ಇಟ್ಟುಕೊಂಡೆ. ಟಿವಿಯಲ್ಲಿ ಮಂಟಪ ಕಂಡಿತು. ಹಸೆಮಣೆಯ ಮೇಲೆ ನಮ್ಮ ಹುಡುಗಿ. ಇವರು ಅವಳನ್ನೇ ನೋಡುತ್ತಾ "ಸರಿ, ಸರಿ" ಅನ್ನುತ್ತಿದ್ದರು.

ಕೆಂಪು ಪಟ್ಟಿಯ ಕ್ಯಾಮೆರಾ ಎದುರಿನಿಂದ ಇಡೀ ವೇದಿಕೆಯನ್ನು ತೋರಿಸುತ್ತಿತ್ತು. ಅರಿಶಿನದ ಪಟ್ಟಿಯದ್ದು ಮಂಟಪದ ಪಕ್ಕದಲ್ಲೇ ಇತ್ತು, ಹುಡುಗ ಹುಡುಗಿಯ ಮುಖ ಹತ್ತಿರದಿಂದ ಕಾಣಲು. ಹಸಿರಿನದು ಛತ್ರದ ಬಾಗಿಲಲ್ಲಿ, ಬರುವವರನ್ನು ತೋರಿಸಲು. ಮುಹೂರ್ತಕ್ಕೆ ಇನ್ನೇನು ಸ್ವಲ್ಪ ಹೊತ್ತಿದೆ ಎನ್ನುವಾಗ ಕೆಂಪು ಕ್ಯಾಮೆರಾದ ಚಿತ್ರದಲ್ಲಿ ಒಬ್ಬ ಅಜ್ಜಿ ಕಂಡರು. ಗಂಡಿನ ಕಡೆಯವರಿರಬೇಕು. ಮಂಟಪದ ಪಕ್ಕದ ಸ್ಟ್ಯಾಂಡಿನ ಹತ್ತಿರ ಬಗ್ಗಿ, ಕಾಲಿಗೆ ಕಟ್ಟಿದ್ದ ಅರಿಶಿನದ ಬಟ್ಟೆ ಬಿಚ್ಚಿದರು. ಕಣ್ಣಿಗೊತ್ತಿಕೊಂಡು ಮಂಟಪದ ಬಾಳೆಕಂಬಕ್ಕೆ ಭಕ್ತಿಯಿಂದ ಕಟ್ಟಿದರು. ಅರಿಶಿನದ್ದು ಕಾಲಿಗೆ ಸಿಕ್ಕಿ ತುಳಿತಕ್ಕೆ ಬೀಳಬಾರದೆಂದು. ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ. "ನೋಡಿ, ನಮ್ಮ ಬಟ್ಟೆಗೆ ಬಂದ ಯೋಗ" ಎಂದು ಇವರಿಗೆ ಹೇಳಿ ನಕ್ಕೆ.

ಎಲ್ಲರೂ ಅಕ್ಷತೆ ಹಿಡಿದು ಎದ್ದು ನಿಂತರು. ಕೆಂಪು ಕ್ಯಾಮೆರಾದ ಮುಂದೆ ಬರೀ ಬೆನ್ನುಗಳು, ಜಡೆಗಳು, ಮಲ್ಲಿಗೆ. ವಿಡಿಯೋದವರು ಅರಿಶಿನದ ಕ್ಯಾಮೆರಾಕ್ಕೆ ಗುಂಡಿ ಒತ್ತಿದರು. ಟಿವಿ ಕಪ್ಪಾಯಿತು. ಮತ್ತೆ ಬೆನ್ನುಗಳು. ಮತ್ತೆ ಕಪ್ಪು, ಮತ್ತೆ ಬೆನ್ನುಗಳು.

ಆ ಬಟ್ಟೆಯೇ ವೈರಿನ ಭಾರ ಹಿಡಿದಿದ್ದದ್ದು. ಭಾರ ಪಿನ್ನಿನ ಮೇಲೆ ಬಿದ್ದಿದೆ. ಪಿನ್ನು ಜಗ್ಗಿದೆ. ಅವರು ಮೂಲೆಯಲ್ಲಿ ಪೆಟ್ಟಿಗೆಯ ಮುಂದಿದ್ದಾರೆ. ಜನ ಎದ್ದು ನಿಂತ ಮೇಲೆ ಸ್ಟ್ಯಾಂಡಿನ ಕಾಲು ಅವರಿಗೆ ಕಾಣುವುದಿಲ್ಲ. ಅವರ ಕ್ರಮ ನನಗೆ ಬಾಯಿಪಾಠ: ಮೊದಲು ಪೆಟ್ಟಿಗೆಯ ಪಿನ್ನು, ಆಮೇಲೆ ವೈರು, ಕೊನೆಗೆ ಕ್ಯಾಮೆರಾ. ಕೊನೆಯದಕ್ಕೆ ಬರುವಷ್ಟರಲ್ಲಿ ಮಾಂಗಲ್ಯಧಾರಣೆ ಮುಗಿದಿರುತ್ತದೆ. ತಂಗಿಗೆ ಮಾಡಿದೆ, ಎತ್ತಲಿಲ್ಲ. ಅವಳ ಗಂಡನಿಗೆ ಮಾಡಿದೆ, ಎತ್ತಲಿಲ್ಲ. ಮುಹೂರ್ತದಲ್ಲಿ ಯಾರು ಫೋನು ಎತ್ತುತ್ತಾರೆ?

ಅವರಿಗೇ ಮಾಡಿದರೆ ಲೈವ್ ಹೋಗುತ್ತದೆ. ತಾಳಿ ಕಟ್ಟುವುದನ್ನು ಇವರು ನೋಡಲಿ ಎಂದೇ ಅಲ್ಲವೇ ಇಷ್ಟೆಲ್ಲ? ಮಾಡದಿದ್ದರೆ ರೆಕಾರ್ಡಿನಲ್ಲೂ ಬರೀ ಬೆನ್ನು ಉಳಿಯುತ್ತದೆ. ಆ ಮಗುವಿಗೆ ಜನ್ಮವಿಡೀ ಅದೇ. ಮೇಲಾಗಿ ನಾನು ನೋಡುತ್ತಿದ್ದದ್ದು ಅರ್ಧ ನಿಮಿಷದ ಹಿಂದಿನ ಮದುವೆ. ಈಶ್ವರಾ ಅಂದುಕೊಂಡು ಒತ್ತಿಬಿಟ್ಟೆ.

ಟಿವಿಯಲ್ಲಿ ಹಳೆಯ ಅರ್ಧ ನಿಮಿಷ ಇನ್ನೂ ಓಡುತ್ತಿತ್ತು.

"ಅಕ್ಕಾ?!"

"ಅಣ್ಣಾ, ಅರಿಶಿನದ ಬಟ್ಟೆ ಬಿಚ್ಚಿಬಿಟ್ಟಿದಾರೆ! ಕ್ಯಾಮೆರಾ ಕಡೆ ಪಿನ್ನು, ಜಗ್ಗಿದೆ!"

"ಯಾರ್ ಬಿಚ್ಚಿದ್ದು?"

"ಯಾರೋ ಅಜ್ಜಿ! ಓಡಣ್ಣಾ!"

ಅವರು ಫೋನು ಇಡಲಿಲ್ಲ. ಜೇಬಿಗೆ ಹಾಕಿಕೊಂಡರೆಂದು ಕಾಣುತ್ತದೆ. ಬಟ್ಟೆಯ ಸರಬರ, "ಸ್ವಲ್ಪ ಜಾಗ ಬುಡಿ, ಅಮ್ಮಾ ಜಾಗ", ಯಾರದೋ ಬೈಗುಳ, ಅವರ ಏದುಸಿರು. ಅದರ ಮೇಲೆ ಪುರೋಹಿತರು ಗಟ್ಟಿಮೇಳ ಗಟ್ಟಿಮೇಳ ಎಂದು ಕೂಗಿದ್ದು ಕೇಳಿತು. ಓಲಗ ಏರಿತು. ನಾನು ಫೋನನ್ನು ಇವರ ಕಿವಿಗೆ ಹಿಡಿದೆ. ಅಷ್ಟರಲ್ಲಿ ಟಿವಿಯ ಚಿತ್ರವೂ ನಿಂತಿತು, ಅವೇ ಬೆನ್ನುಗಳು ಕಲ್ಲಿನ ಹಾಗೆ. ನಾನು ಅಕ್ಷತೆಯನ್ನು ಆ ಬೆನ್ನುಗಳ ಮೇಲೇ ಹಾಕಿದೆ.

ಓಲಗ ಇಳಿದ ಮೇಲೆ ಫೋನು ಕಿವಿಗಿಟ್ಟುಕೊಂಡು ಕೇಳಿದೆ. ಆ ಒಂದು ಸಲ ಕೇಳಿದವಳು ನಾನು.

"ಬಂತಾ ಅಣ್ಣಾ?"

"ಬಂತು ಅಕ್ಕಾ." ಮೂಗು ಎಳೆದುಕೊಂಡ ಸದ್ದು. "ಗಂಟು ಬೀಳೋಕ್ ಮುಂಚೇನೇ ಬಂತು. ಗುಂಡಿ ಒತ್ತಿಟ್ಟೇ ಓಡ್ಬಂದಿದ್ದೆ, ಕೈಯಲ್ಲೇ ವೈರ್ ಹಿಡ್ಕಂಡು ನಿಂತಿದೀನಿ."

ಮುಹೂರ್ತದ ಹೊತ್ತಿಗೇ ಲೈವ್ ಹೋಯಿತೆಂದು ಮನೆಗಳಲ್ಲಿ ಕೂತು ನೋಡುತ್ತಿದ್ದ ನೆಂಟರೆಲ್ಲ ದೂರಿದರಂತೆ. ತಂಗಿಯ ಗಂಡ ಊಟದ ಮನೆಯಲ್ಲಿ ಎಲ್ಲರೆದುರು ಅವರನ್ನು ನಿಲ್ಲಿಸಿಕೊಂಡು, "ಏನ್ರೀ, ತಾಳಿ ಕಟ್ಟೋ ಟೈಮಲ್ಲಿ ಮಲ್ಗಿದ್ರಾ? ಇದೇನಾ ನಿಮ್ ಲೈವು?" ಅಂದನಂತೆ. "ನೆಟ್ ಕೈಕೊಡ್ತು ಸಾರ್, ತಪ್ಪಾಯ್ತು" ಎಂದು ವಿಡಿಯೋದವರು ತಲೆ ತಗ್ಗಿಸಿದರಂತೆ. ಇದನ್ನು ತಂಗಿಯೇ ನನಗೆ ಹೇಳಿದ್ದು, ಅವರ ಮೇಲೆ ಸಿಟ್ಟಿನಿಂದ. ಫೋನು ಮಾಡಿದವಳು ನಾನು ಎಂದು ಹೇಳದೆ ಅವಳ ಸಿಟ್ಟನ್ನು ಕೇಳಿಸಿಕೊಂಡೆ. ಅವಳಿಗೆ ಇವತ್ತಿಗೂ ಹೇಳಿಲ್ಲ. ಇದನ್ನು ಬರೆಯಲು ಕೂತದ್ದಕ್ಕೆ ಅದೂ ಒಂದು ಕಾರಣ. ಓದಿ ಬೈದರೆ ಬೈಯಲಿ.

ಸೋಮವಾರ ಅಭಿಷೇಕ ಮುಗಿಸಿ ಅವರೇ ರೆಕಾರ್ಡು ತಂದು ಟಿವಿಗೆ ಹಾಕಿದರು. ಕುರ್ಚಿಯ ಅಂಚಿನಲ್ಲಿ ಕೂತರು. ಟಿವಿಯ ಮುಂದೆ ಬರಿಗೈಲಿ ಕೂತು ಅಭ್ಯಾಸವಿಲ್ಲದವರ ಹಾಗೆ ಬೆರಳುಗಳು ತೊಡೆಯ ಮೇಲೆ ಗುಂಡಿ ಹುಡುಕುತ್ತಿದ್ದವು. ಅಜ್ಜಿ ಬಟ್ಟೆಯನ್ನು ಕಣ್ಣಿಗೊತ್ತಿಕೊಂಡಾಗ, "ಎಲ್ಲಾ ನಿಮ್ ಅರಿಶಿನದ್ ಮಹಿಮೆ ಅಕ್ಕಾ" ಅಂದರು. "ಇನ್ಮೇಲೆ ನೀಲಿ ಬಟ್ಟೆ ಕೊಡಿ. ನೀಲಿಗೆ ಯಾರೂ ಕೈ ಮುಗಿಯಲ್ಲ."

ಕಪ್ಪು. ಬೆನ್ನುಗಳು. ಕಪ್ಪು. ಆಮೇಲೆ ಒಮ್ಮೆಲೇ ನಮ್ಮ ಹುಡುಗಿಯ ಮುಖ ಟಿವಿ ತುಂಬ ಬಂತು. ಕಣ್ಣು ಕೆಳಗೆ, ಮೂಗಿನ ತುದಿಯಲ್ಲಿ ಬೆವರು. ತಾಳಿ ಕಟ್ಟುವ ಕೈಗಳು. ಮೂರು ಗಂಟೂ ಕಂಡವು. ನಾನು ಸೆರಗು ಕಣ್ಣಿಗೆ ಹಿಡಿದೆ. ಇವರು ಏನೂ ಹೇಳಲಿಲ್ಲ, "ಸರಿ" ಕೂಡ ಇಲ್ಲ. ಧಾರೆ ಮುಗಿದು, ಸಪ್ತಪದಿ ಶುರುವಾಗಿ, ನಾನು ಕಾಫಿಗೆಂದು ಎದ್ದಾಗ ಮಂಚದಿಂದ ಸದ್ದು ಬಂತು.

"ಬಂತು."

ವಾರವಾರವೂ ಫೋನಿನಲ್ಲಿ ಕೇಳಿ ಕೇಳಿ ಎಲ್ಲೋ ಒಳಗೆ ಕೂತಿದ್ದ ಪದ. ನಾವಿಬ್ಬರೂ ಇವರ ಮುಖ ನೋಡಿದೆವು. ವಿಡಿಯೋದವರು ಮೆಲ್ಲಗೆ, "ಲೇಟಾದ್ರೂ ಬಂತಲ್ಲ ಅಕ್ಕಾ" ಅಂದರು. ಅವರು ಹೋದ ಮೇಲೂ ಇವರು ಎರಡು ಸಲ ಅಂದರು. ಆಮೇಲೆ ಮತ್ತೆ ಸರಿ, ಸರಿ. ಆದರೆ ಒಂದಿದ್ದದ್ದು ಎರಡಾಯಿತು. ಅಷ್ಟು ಕೊಟ್ಟ ದೇವರಿಗೆ ಅವತ್ತು ತುಪ್ಪದ ದೀಪ ಹಚ್ಚಿದೆ.

ಹೋದ ವರ್ಷ ಒಂದು ಸೋಮವಾರ ಫೋನು ಬರಲಿಲ್ಲ. ಕಿಟಕಿಯಿಂದ ಗಂಟೆ ಕೇಳಿತು. ಟಿವಿಯಿಂದ ಕೇಳಲಿಲ್ಲ. ಮಧ್ಯಾಹ್ನ ಅರ್ಚಕರು ಬಂದು ಜಗುಲಿಯ ಮೇಲೆ ನಿಂತರು. ಬೆಳಿಗ್ಗೆ ಗುಬ್ಬಿಯಲ್ಲಿ ಸ್ಕೂಟರಿಗೆ ಚೀಲ ಕಟ್ಟುತ್ತಿದ್ದವರು ಎದೆ ಹಿಡಿದುಕೊಂಡು ಕೂತರಂತೆ. ಆಸ್ಪತ್ರೆ ಸೇರುವ ಮುಂಚೆಯೇ ಹೋದರಂತೆ. ಅವರ ಅಣ್ಣನ ಮಕ್ಕಳು ಬಂದು ಅವತ್ತೇ ಮಣ್ಣು ಮಾಡುತ್ತಾರೆ ಎಂದರು.

ಗುಬ್ಬಿ ಏನು ದೂರ, ಬಸ್ಸು ಹತ್ತಿದರೆ ಮುಕ್ಕಾಲು ಗಂಟೆ. ನಾನು ಹೋಗಲಾಗಲಿಲ್ಲ. ಊರವರ ಮದುವೆಯನ್ನೆಲ್ಲ ನನ್ನಂಥವರ ಮನೆಗೆ ತಂದುಕೊಟ್ಟವರ ಕೊನೆಯ ದಾರಿಯನ್ನು ಯಾರ ಮನೆಗೂ ತರುವವರಿರಲಿಲ್ಲ. ಟಿವಿ ಹಾಕಿ ಹಿಂದಿನ ವಾರದ ಅಭಿಷೇಕವನ್ನೇ ಮೊದಲಿನಿಂದ ನೋಡಿದೆ. ಮಂಗಳಾರತಿ ಆಯಿತು. ಜನ ಕರಗಿದರು. ಕಡೆಯಲ್ಲಿ ಕ್ಯಾಮೆರಾ ಮುಚ್ಚಲು ಒಂದು ಕೈ ಬಂತು. ಎಡಗೈ. ಅದರ ತುಂಬ ಕೂದಲಿತ್ತು.

ಈಗ ಗುಡಿಯಲ್ಲಿ ಗೋಡೆಗೇ ಒಂದು ಕ್ಯಾಮೆರಾ ಹಾಕಿದ್ದಾರೆ, ತನ್ನಷ್ಟಕ್ಕೆ ತಾನೇ ನಡೆಯುತ್ತದೆ. ಚೆನ್ನಾಗಿಯೇ ಕಾಣುತ್ತದೆ. ಬಂತಾ ಎಂದು ಯಾರೂ ಕೇಳುವುದಿಲ್ಲ.

ಮಂಚದ ಕಾಲಿನ ಬಟ್ಟೆಯನ್ನು ಸೋಮವಾರ ಸೋಮವಾರ ಬದಲಿಸುತ್ತೇನೆ. ಇವತ್ತೂ ಬದಲಿಸಿದೆ, ನೀಲಿಯದು. ಪೈಪಿಗೆ ಒಂದು ಸುತ್ತು, ಮಂಚದ ಕಾಲಿಗೆ ಒಂದು ಸುತ್ತು, ಗಂಟು. ನಡುವೆ ಬೆರಳು ತೂರಿಸಿ ನೋಡಿದೆ. ಆಡಿತು.